ಕಾಕಾ ಕೊಟ್ಟ ಡಬ್ಬಿ

ನಮ್ಮ ದ್ರಾಕ್ಷಿ ತೋಟವನ್ನು ಕೊಂದವನು ನನ್ನ ಕಾಕಾ, ಅಪ್ಪನ ಒಬ್ಬನೇ ತಮ್ಮ. ಅನುಮಾನದ ಮೇಲೆ ಈ ಮಾತು ಹೇಳುತ್ತಿಲ್ಲ, ಅವನ ಬಾಯಿಂದಲೇ ಕೇಳಿದ್ದೇನೆ. ಕೇಳಿದ ದಿನದಿಂದ ಮುಂದೆ ಎಷ್ಟೋ ವರ್ಷ ನಾನು ಮಾಡಿದ ಕೆಲಸಕ್ಕೆಲ್ಲ ಅದೇ ಕಾರಣ. ಈಗ ನಮ್ಮೂರು ಐಗಳಿಗೆ ತೋಟ ನೋಡಲು ಬಂದವರು, "ಔಷಧಿ ಇಲ್ದ ದ್ರಾಕ್ಷಿ ಬೆಳಿಯೋ ಹುಚ್ಚು ನಿಮಗ ಹೆಂಗ ಹಿಡೀತ್ರಿ?" ಎಂದು ಕೇಳುತ್ತಾರೆ. ಭೂಮಿತಾಯಿ, ಎರೆಹುಳು, ಮುಂದಿನ ಮಕ್ಕಳು ಎಂದೇನಾದರೂ ಹೇಳಿಯೇನು ಎಂದು ಅವರು ಕಾಯುತ್ತಾರೆ. ನನಗೆ ಹಿಡಿದದ್ದು ಸೇಡಿನ ಹುಚ್ಚು.

ಎಂಬತ್ತರ ದಶಕದ ಮೊದಲಲ್ಲಿ ಅಪ್ಪ ತೋಟ ಮಾಡಿದ. ಅಲ್ಲಿಯವರೆಗೆ ನಮ್ಮದು ಜೋಳ, ಕಡಲೆ, ಎಮ್ಮೆಗಳ ಸಂಸಾರ. ತಾಸಗಾಂವಿನ ಕಡೆ ಒಂದು ಮದುವೆಗೆ ಹೋದ ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಊಟಕ್ಕೆ ಕೂತು, ತಲೆ ಎತ್ತಿ ಗೊಂಚಲು ನೋಡುತ್ತ ಎಲೆಯ ಮೇಲಿನ ಅನ್ನ ಮರೆತಿದ್ದನಂತೆ. ಬರುವಾಗ ಒದ್ದೆ ಗೋಣಿಯಲ್ಲಿ ಬಳ್ಳಿಯ ತುಂಡುಗಳನ್ನು ಸುತ್ತಿಕೊಂಡು ಬಂದ. ಕಲ್ಲಿನ ಕಂಬ ನೆಟ್ಟು ತಂತಿ ಎಳೆದ. ಮೂರನೆಯ ವರ್ಷಕ್ಕೆ ಹಣ್ಣು ಬಂತು. ಊರ ಜನ ಗುಂಪು ಕಟ್ಟಿಕೊಂಡು ನೋಡಲು ಬಂದರು. ಅಪ್ಪನನ್ನು "ದ್ರಾಕ್ಷಿ ಸಾವ್ಕಾರ್ರು" ಎಂದು ಕರೆಯತೊಡಗಿದರು. ಅಪ್ಪ ನಾಚಿಕೊಂಡು ಎಲ್ಲರ ಕೈಗೂ ಒಂದೊಂದು ಗೊಂಚಲು ಇಡುತ್ತಿದ್ದ.

ಕಾಕಾಗೆ ಅದು ಸೇರಲಿಲ್ಲ. ಆಸ್ತಿ ಪಾಲಾದಾಗ ರಸ್ತೆ ಬದಿಯ ಹೊಲ, ಅಥಣಿ ಪೇಟೆಯೊಳಗಿನ ಜಾಗ ತನಗೇ ಬೇಕೆಂದು ಹಟ ಹಿಡಿದು ತೆಗೆದುಕೊಂಡವನು ಅವನೇ. ಕಲ್ಲು ತುಂಬಿದ, ಒಂದು ಬಾವಿ ಇದ್ದ ಹೊಲ ಅಪ್ಪನಿಗೆ ಉಳಿಯಿತು. ಕಾಕಾ ಅಥಣಿಯ ಜಾಗದಲ್ಲಿ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ತೆರೆದ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ ಹಬ್ಬಕ್ಕೆ ಊರಿಗೆ ಬಂದಾಗ, "ಅಣ್ಣಾ, ಬಾವಿ ಇದ್ದ ಹೊಲ ನೀ ಬೇಕಂತ ಇಟ್ಕೊಂಡಿ ನೋಡು" ಎನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ. ಅಪ್ಪನೂ ನಗುತ್ತಿದ್ದ.

ನಾನಾಗ ಅಥಣಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಕ್ಟೋಬರಿನ ಛಾಟಣಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ ಮುಗಿದು, ಬಳ್ಳಿ ಚಿಗುರಿ ಹೂ ಹಿಡಿಯುವ ಹೊತ್ತು. ಮೋಡ ಕವಿದು ಎಲೆಯ ಕೆಳಗೆ ಬಿಳಿ ಬೂಷ್ಟು ಕಾಣಿಸಿಕೊಂಡಿತು. ಅಪ್ಪ ಕಾಕಾನ ಅಂಗಡಿಗೆ ಹೋಗಿ ಕೇಳಿದ. ಕಾಕಾ ಒಳಗಿನ ಕೋಣೆಯಿಂದ ಒಂದು ಡಬ್ಬಿ ತಂದುಕೊಟ್ಟ. ಅದರ ಮೇಲೆ ಚೀಟಿ ಇರಲಿಲ್ಲ. "ಸಾಂಗ್ಲಿಯಿಂದ ಹೊಸಾದು ಬಂದೈತಿ, ಚೀಟಿ ನೀರಿನ್ಯಾಗ ಕಿತ್ತು ಹೋಗೇತಿ" ಎಂದನಂತೆ. ಮರುದಿನ ಭಾನುವಾರ. ಅಪ್ಪ ಪಂಪಿನಿಂದ ಸಿಂಪಡಿಸುತ್ತಿದ್ದ, ನಾನು ಹಿಂದೆ ಪೈಪು ಎಳೆದುಕೊಡುತ್ತಿದ್ದೆ. ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಘಾಟು ನನಗೆ ಗುರುತಿನದು. ಕಳೆಗೆ ಔಷಧಿ ಹೊಡೆದ ಕಬ್ಬಿನ ಹೊಲಗಳ ಪಕ್ಕದಲ್ಲಿ ಬಸ್ಸು ಹೋಗುವಾಗ ಕಿಟಕಿಯಿಂದ ಬರುತ್ತಿದ್ದ ಘಾಟು.

"ಅಪ್ಪಾ, ಇದು ಬ್ಯಾರೆ ವಾಸ್ನಿ ಬರಾಕತ್ತೈತಿ."

"ನಿಮ್ಮ ಕಾಕಾ ಕೊಟ್ಟಾನವ್ವ. ಅಂವಗ ಗೊತ್ತಿರಂಗಿಲ್ಲೇನು?"

ಆ ವಾರದಲ್ಲೇ ಎಲೆಗಳು ಮುದುಡಿ ಕೋಳಿಯ ಕಾಲಿನಂತಾದವು. ಚಿಗುರುಗಳು ಹಾವಿನಂತೆ ತಿರುಚಿಕೊಂಡು ಕೆಳಗೆ ಬಾಗಿದವು. ಹೂವೆಲ್ಲ ಕಪ್ಪಾಗಿ ಉದುರಿ, ಚಪ್ಪರದ ಕೆಳಗೆ ನಡೆದರೆ ಕಾಲಿಗೆ ಹುಡಿ ಹತ್ತುತ್ತಿತ್ತು. ಅಪ್ಪ ಪ್ರತಿ ಸಾಲಿಗೂ ಹೋಗಿ ಒಂದೊಂದು ಎಲೆಯನ್ನು ಬೆರಳಿಂದ ಬಿಡಿಸಿ ನೋಡುತ್ತಿದ್ದ. ಕೈ ಬಿಟ್ಟೊಡನೆ ಎಲೆ ಮತ್ತೆ ಮುದುಡಿಕೊಳ್ಳುತ್ತಿತ್ತು.

ಕಾಕಾ ಬಂದ. ಊರ ನಾಲ್ಕು ಹಿರಿಯರನ್ನೂ ಜೊತೆಗೆ ಕರೆದುಕೊಂಡೇ ಬಂದ. ತೋಟವನ್ನೆಲ್ಲ ಸುತ್ತಿ ನೋಡಿ, ಅಪ್ಪ ಅಲ್ಲೇ ನಿಂತಿರುವಾಗ ಹಿರಿಯರ ಕಡೆ ತಿರುಗಿ ಹೇಳಿದ: "ಅಣ್ಣ ಪ್ರಮಾಣ ತಪ್ಪಿಸ್ಯಾನ್ರಿ. ಒಂದು ಹಾಕೂ ಕಡೆ ನಾಕು ಹಾಕ್ಯಾನ. ಓದಾಕ ಬರದವ್ರು ಔಷಧಿ ಮುಟ್ಟಬಾರ್ದು." ಹಿರಿಯರು ತಲೆಯಾಡಿಸಿದರು. ಅಪ್ಪ ಮುದುಡಿದ ಒಂದು ಎಲೆಯನ್ನು ಬೆರಳಿಂದ ಬಿಡಿಸುತ್ತ ನಿಂತ. ಹೋಗುವಾಗ ಕಾಕಾ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಬಳ್ಳಿ ಕಿತ್ತು ಒಗಿ. ಹೊಲ ನನಗ ಕೊಡು, ಕಬ್ಬು ಹಚ್ಚತೇನಿ" ಎಂದ.

ಅಂದಿನಿಂದ ಅಪ್ಪ ಹರಟೆ ಕಟ್ಟೆಗೆ ಹೋಗುವುದನ್ನು ಬಿಟ್ಟ. ದ್ರಾಕ್ಷಿ ಸಾವ್ಕಾರ ಹೋಗಿ ಊರವರ ಬಾಯಲ್ಲಿ "ಡಬಲ್ ಡೋಸ್" ಆದ. ಸಂತೆಯಲ್ಲಿ ಅವ್ವ ಬದನೆಕಾಯಿ ಆರಿಸುವಾಗಲೂ ಹಿಂದಿನಿಂದ ಯಾರೋ ಆ ಮಾತು ಅಂದು ನಗುತ್ತಿದ್ದರು.

ಮರುವರ್ಷ ಕಾಕಾ ಅಥಣಿಯಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ರಕ್ತಸಂಬಂಧ, ಹೋಗದೆ ಇರಲಾಗದು. ನಾನು ಹೋಳಿಗೆ ಬುಟ್ಟಿ ತರಲು ಅಡುಗೆಮನೆಯ ಹಿಂಬಾಗಿಲಿಗೆ ಹೋದಾಗ ಕಾಕಾ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ತನ್ನ ಹೆಂಡತಿಯ ಅಣ್ಣನ ಜೊತೆ ಎಲೆ ಅಡಿಕೆ ಹಾಕುತ್ತಿದ್ದ. ಆ ಬೀಗರು ಮಿರಜ ಕಡೆಯವರು, ಮಾತೆಲ್ಲ ಮರಾಠಿಯಲ್ಲೇ ನಡೆದಿತ್ತು. ನಾನು ಬಾಗಿಲ ಹಿಂದೆ ಇರುವುದು ಅವರಿಗೆ ಕಾಣುತ್ತಿರಲಿಲ್ಲ. ಬೀಗರು ಅಪ್ಪನ ತೋಟದ ಬಗ್ಗೆ ಏನೋ ಕೇಳಿದರು. ಕಾಕಾ ಎಲೆಯ ರಸ ಉಗಿದು ನಕ್ಕ.

"ಏಕಾ ಡಬ್ಯಾತ ಭಾವಾಚೀ ಮಸ್ತೀ ಉತರವಲೀ."

ಒಂದೇ ಡಬ್ಬಿಯಲ್ಲಿ ಅಣ್ಣನ ಸೊಕ್ಕು ಇಳಿಸಿದೆ.

ಹೋಳಿಗೆ ಬುಟ್ಟಿ ಎತ್ತಿಕೊಂಡು ಪಂಕ್ತಿಗೆ ಬಂದೆ. ಬಡಿಸಿದೆ. ಕಾಕಾನ ಎಲೆಗೂ ಬಡಿಸಿದೆ, ಮೇಲೆ ತುಪ್ಪ ಹಾಕಿದೆ. "ಇನ್ನೊಂದು ಹಾಕ, ಯಾಕ ಕೈ ಸಣ್ಣ ಮಾಡ್ತಿ?" ಎಂದ. ಇನ್ನೊಂದು ಹಾಕಿದೆ. ತುಪ್ಪ ಒಂದು ಹನಿಯೂ ಎಲೆಯಾಚೆ ಬೀಳಲಿಲ್ಲ ಎಂಬುದು ನನಗೆ ಇಂದಿಗೂ ಸಮಾಧಾನ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಕೊಟ್ಟಿಗೆಯಲ್ಲಿ ಎಮ್ಮೆಗೆ ಕಣಿಕೆ ಹಾಕುತ್ತಿದ್ದ. ತಿರುಗಿ ನೋಡದೆ, "ನನಗ ಗೊತ್ತಿತ್ತವ್ವ" ಎಂದ.

"ಗೊತ್ತಿತ್ತು? ಮತ್ತ ಆವತ್ತ ಯಾಕ ಸುಮ್ಮ ನಿಂತಿ?"

"ಒಂದ ಹೊಟ್ಟ್ಯಾಗ ಹುಟ್ಟೇವಿ. ಮಂದಿ ಮುಂದ ಏನಂತ ಹೇಳಲಿ?"

ನನಗೆ ಅಪ್ಪನ ಮೇಲೂ ಸಿಟ್ಟು ಬಂತು. ಹಾಗೆ ಸುಮ್ಮನಿರುವವರಿದ್ದರೆ ಕಾಕಾನಂಥವರು ಹುಟ್ಟುತ್ತಲೇ ಇರುತ್ತಾರೆ. ಒಂದೇ ಹೊಟ್ಟೆಯ ಮಾತು ಅಪ್ಪನಿಗೆ ಇತ್ತು, ನನಗಿರಲಿಲ್ಲ. ನಾನು ಬೇರೆ ಹೊಟ್ಟೆಯಲ್ಲಿ ಹುಟ್ಟಿದವಳು.

ಮೊದಲು ತಲೆಗೆ ಬಂದದ್ದು ಸುಲಭದ ದಾರಿ. ಅಷ್ಟರಲ್ಲಿ ಕಾಕಾ ರಸ್ತೆ ಬದಿಯ ತನ್ನ ಹೊಲದಲ್ಲಿ ತಾನೂ ದ್ರಾಕ್ಷಿ ಹಚ್ಚಿದ್ದ. ಕಬ್ಬಿನ ಕಳೆ ಸುಡುವ ಔಷಧ ರಾಯಬಾಗದ ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುತ್ತಿತ್ತು. ಒಂದು ಡಬ್ಬಿ ತಂದೆ. ಒಂದು ಮಧ್ಯಾಹ್ನ, ಕಾಕಾ ಅಂಗಡಿಯಲ್ಲಿರುವ ಹೊತ್ತಿಗೆ, ಅದನ್ನು ನೀರಿನ ಕೊಡದಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ ಅವನ ತೋಟದ ಬೇಲಿಯವರೆಗೆ ಹೋದೆ. ಯಾರೂ ಇರಲಿಲ್ಲ. ಬಳ್ಳಿಗಳು ಹಸಿರಾಗಿ ನಿಂತಿದ್ದವು. ಅವನ್ನು ನೋಡುತ್ತ ನಿಂತಾಗ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ತೋಟ ಒಣಗುತ್ತದೆ. ಊರವರು ಬರುತ್ತಾರೆ. "ಅಯ್ಯೋ ಪಾಪ" ಎನ್ನುತ್ತಾರೆ. ಕಾಕಾ ಕಣ್ಣೊರೆಸಿಕೊಳ್ಳುತ್ತಾನೆ, ಜನ ಅವನ ಬೆನ್ನು ಸವರುತ್ತಾರೆ. ನನ್ನ ಕೈಯಾರೆ ಅವನಿಗೆ ಜನರ ಮರುಕ ದಾನ ಮಾಡಿದ ಹಾಗಾಗುತ್ತದೆ. ಅದು ಬೇಡ. ಡಬ್ಬಿಯನ್ನು ಹಾಗೇ ಮನೆಗೆ ತಂದು ಹಾಳುಗುಂಡಿಯಲ್ಲಿ ಹೂತೆ. ನನಗೆ ಕರುಣೆ ಬಂತೆಂದು ಯಾರೂ ತಿಳಿಯಬಾರದು. ಅವನು ಬದುಕಿರಬೇಕಿತ್ತು, ಅವನ ತೋಟವೂ ಇರಬೇಕಿತ್ತು, ಅವನ ಕಣ್ಣೆದುರಿಗೆ ನಮ್ಮ ತೋಟ ಏಳಬೇಕಿತ್ತು. ಅದೂ ಅವನ ಅಂಗಡಿಯ ಒಂದು ಹನಿ ಇಲ್ಲದೆ. ಅವನು ಮಾರುವ ಯಾವುದೂ ಬೇಕಾಗಿಲ್ಲ ಎಂದು ಊರಿಗೆಲ್ಲ ಗೊತ್ತಾಗಬೇಕಿತ್ತು.

ಕಾಲೇಜು ಮುಗಿದಿತ್ತು. ಶೇಡಬಾಳದ ಕಡೆಯಿಂದ ಬಂದಿದ್ದ ಒಂದು ಸಂಬಂಧಕ್ಕೆ ಒಲ್ಲೆ ಎಂದೆ. ಗರಗಸ ತೆಗೆದುಕೊಂಡು ತೋಟಕ್ಕೆ ಹೋಗಿ ಪ್ರತಿ ಬಳ್ಳಿಯನ್ನೂ ಮೊಣಕಾಲೆತ್ತರಕ್ಕೆ ಕೊಯ್ದು ಹಾಕಿದೆ. ಅವ್ವ ಓಡಿ ಬಂದು ತಲೆ ಬಡಿದುಕೊಂಡಳು. ಮಳೆ ಬಿದ್ದ ಮೇಲೆ ನೋಡಿದರೆ ಕೆಲವು ಮೋಟುಗಳಿಂದ ಕೆಂಪು ಚಿಗುರು ಹೊರಟಿತ್ತು. ಬಹಳಷ್ಟು ಸತ್ತಿದ್ದವು. ಬದುಕಿದ ಬಳ್ಳಿಗಳಿಂದಲೇ ಮುಂದೆ ತುಂಡು ತೆಗೆದು ಸತ್ತವುಗಳ ಜಾಗ ತುಂಬಿದೆ.

ಕುರಿಗಾರರನ್ನು ಕರೆಸಿ ಸಾಲುಗಳ ನಡುವೆ ಕುರಿ ನಿಲ್ಲಿಸಿದೆ. ಚಿಗುರು ಹೊರಡುವ ಮೊದಲೇ ಕುರಿ ಹೋಗಬೇಕು, ಇಲ್ಲವಾದರೆ ಬಳ್ಳಿಯನ್ನೂ ಮೇಯುತ್ತವೆ. ಹುರುಳಿ ಬಿತ್ತಿ ಹೂ ಬರುವಾಗ ಮಣ್ಣಿಗೆ ಮಗುಚಿದೆ. ಬೇವಿನ ಬೀಜ ಕುಟ್ಟಿ ನೆನೆಸಿದೆ. ಗಂಜಲ ಹಿಡಿದಿಟ್ಟೆ. ಅವ್ವ ಹಿತ್ತಿಲ ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಸುರಿಯುತ್ತಿದ್ದಳು, ಅದರ ಎಲೆಗೆ ಬೂದಿ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಹಾಗಾದರೆ ದ್ರಾಕ್ಷಿಯ ಬೂದಿ ರೋಗಕ್ಕೂ ಯಾಕಾಗಬಾರದು ಎಂದು ಮಜ್ಜಿಗೆಯನ್ನು ಸೋಸಿ, ನೀರು ಬೆರೆಸಿ ಪಂಪಿಗೆ ತುಂಬಿದೆ. ಮಳೆಗಾಲದ ಬೂಷ್ಟಿಗೆ ಮಾತ್ರ ಮೈಲುತುತ್ತ, ಸುಣ್ಣದ ತಿಳಿ. ಅದು ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ ಮೊದಲು ಮಾಡಿದ್ದು ಎಂದು ಕಾಲೇಜಿನಲ್ಲಿ ಓದಿದ್ದೆ. ಮೈಲುತುತ್ತವನ್ನು ಕಾಕಾನ ಅಂಗಡಿ ದಾಟಿ ಚಿಕ್ಕೋಡಿಗೆ ಹೋಗಿ ತಂದೆ.

ಸುದ್ದಿ ಅಥಣಿ ಮುಟ್ಟಿತು. ಕಾಕಾ ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದ: "ನಮ್ಮ ಅಣ್ಣನ ಮಗಳು ದ್ರಾಕ್ಷಿಗೆ ಮಜ್ಜಿಗಿ ಕುಡಸಾಕತ್ತಾಳ. ನಾಳೆ ರೊಟ್ಟಿನೂ ತಿನಸ್ತಾಳ." ಊರವರು ಬೇಲಿಯಾಚೆ ನಿಂತು, "ತಂಗೀ, ಬಳ್ಳಿಗೆ ಉಪ್ಪು ಹಾಕಿದಿಯೇನು ಮಜ್ಜಿಗ್ಯಾಗ?" ಎನ್ನುತ್ತಿದ್ದರು.

ಮೊದಲ ಫಸಲು ಅವರ ನಗೆಗೆ ತಕ್ಕ ಹಾಗೇ ಬಂತು. ಕಾಳು ಸಣ್ಣ, ಗೊಂಚಲು ಹರಕು ಮುರುಕು, ಅರ್ಧಕ್ಕೆ ಬೂದಿ ಹತ್ತಿ ಬಿರಿದಿತ್ತು. ಮಜ್ಜಿಗೆಯನ್ನು ರೋಗ ಬಂದ ಮೇಲೆ ಹೊಡೆದರೆ ಪ್ರಯೋಜನವಿಲ್ಲ, ಬರುವ ಮೊದಲೇ ಹೊಡೆಯಬೇಕು ಎಂಬುದು ಆಮೇಲೆ ತಿಳಿಯಿತು. ಚಪ್ಪರ ದಟ್ಟವಾದರೆ ಗಾಳಿಯಾಡದೆ ಎಲ್ಲವೂ ಕೊಳೆಯುತ್ತದೆ ಎಂಬುದೂ ಹಾಗೇ. ಒಳ್ಳೆಯ ಉದ್ದೇಶದಿಂದ ಹೊರಟವಳಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆನೇನೋ. ಬೆಳಿಗ್ಗೆ ಏಳಲು ಮನಸ್ಸಿಲ್ಲದಾಗ ಆ ಮರಾಠಿ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಾಲುಗಳು ತಾವಾಗಿ ತೋಟದ ಕಡೆ ನಡೆಯುತ್ತಿದ್ದವು.

ಅಪ್ಪ ಬಹಳ ದಿನ ದೂರವೇ ಇದ್ದ. ಒಂದು ಸಂಜೆ ನಾನು ಚಿಗುರನ್ನು ತಂತಿಗೆ ಕಟ್ಟುತ್ತಿದ್ದಾಗ ಹಿಂದೆ ಬಂದು ನಿಂತ. "ಹಂಗ ಬಿಗಿ ಕಟ್ಟಬ್ಯಾಡ, ಉಸರು ಹಿಡೀತೈತಿ" ಎಂದ. ನನ್ನ ಕೈಯಿಂದ ದಾರ ತೆಗೆದುಕೊಂಡು ಎಂಟಂಕಿಯ ಹಾಗೆ ಸಡಿಲ ಗಂಟು ಹಾಕಿ ತೋರಿಸಿದ. ಆಮೇಲೆ ಮನೆಗೆ ಹೋಗಲಿಲ್ಲ. ಆ ಸಾಲು ಮುಗಿಸಿದ, ಪಕ್ಕದ ಸಾಲನ್ನೂ ಹಿಡಿದ.

ತೋಟ ಎದ್ದ ವರ್ಷ ನನ್ನ ಜಾಣತನಕ್ಕಿಂತ ಅದೃಷ್ಟ ದೊಡ್ಡದಿತ್ತು. ಕುರಿಗಾರರು ತಡವಾಗಿ ಬಂದದ್ದರಿಂದ ನಮ್ಮ ಛಾಟಣಿಯೂ ತಡವಾಯಿತು. ಅಷ್ಟರಲ್ಲಿ ಊರಲ್ಲಿ ದ್ರಾಕ್ಷಿ ಹಚ್ಚಿದ್ದ ಬೇರೆಯವರ ತೋಟಗಳೆಲ್ಲ ಹೂವಿನಲ್ಲಿದ್ದಾಗ ಅಕಾಲದ ಮಳೆ ಹಿಡಿಯಿತು. ಬೆಳಗಾದರೆ ಕಾಕಾನ ಅಂಗಡಿಯ ಮುಂದೆ ಜನ. ದಿನಕ್ಕೊಂದು ಔಷಧ ಒಯ್ದು ಹೊಡೆದರು, ಆದರೂ ಹೂವು ಕೊಳೆತು ಉದುರಿತು. ನಮ್ಮ ಬಳ್ಳಿಗಳಲ್ಲಿ ಆಗಿನ್ನೂ ಚಿಗುರು ಕಣ್ಣು ಬಿಡುತ್ತಿತ್ತು. ಮಳೆ ನಿಂತ ಮೇಲೆ ಹೂ ಬಂತು, ಬೂದಿ ಬರುವ ಮೊದಲೇ ಮಜ್ಜಿಗೆ ಬಿತ್ತು. ಆ ವರ್ಷ ಐಗಳಿಯಲ್ಲಿ ಚಪ್ಪರದ ತುಂಬ ಗೊಂಚಲು ಇದ್ದದ್ದು ನಮ್ಮ ತೋಟದಲ್ಲಿ ಮಾತ್ರ. ಅದೃಷ್ಟ ಎಂದು ನಾನು ಯಾರಿಗೂ ಹೇಳಲಿಲ್ಲ. "ಮಜ್ಜಿಗಿ" ಎಂದೆ.

ಹಣ್ಣನ್ನೆಲ್ಲ ಒಣದ್ರಾಕ್ಷಿ ಮಾಡಿದೆವು, ಬಣ್ಣ ಬರಲೆಂದು ಎಲ್ಲರೂ ಕೊಡುವ ಗಂಧಕದ ಹೊಗೆ ಕೊಡಲಿಲ್ಲ. ಜಾಳಿಗೆಯ ಮೇಲೆ ನೆರಳಲ್ಲಿ ಒಣಗಿಸಿದೆವು. ಬೆಲ್ಲದ ಬಣ್ಣಕ್ಕೆ ತಿರುಗಿತು. ಸಾಂಗ್ಲಿ ಪೇಟೆಯಲ್ಲಿ ಹಳದಿ, ಹಸಿರು ಮಾಲಿನ ರಾಶಿಗಳ ಪಕ್ಕ ನಮ್ಮದನ್ನು ಸುರಿದಾಗ ದಲಾಲರು ಮೂಗು ಮುರಿದರು. ಮಿರಜಿನ ಒಬ್ಬ ಮುಸ್ಲಿಂ ಮಿಠಾಯಿ ವ್ಯಾಪಾರಿ, ವಯಸ್ಸಾದವರು, ಈದಿನ ಶೀರಖುರ್ಮಾಕ್ಕೆ ಮಾಲು ನೋಡುತ್ತ ಬಂದರು. ಒಂದು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಬೇಟೀ, ಇದಕ್ಕ ಏನ್ ಹಾಕೀರಿ?" ಎಂದರು. ಏನೂ ಇಲ್ಲ ಎಂದೆ. "ಅದಕ್ಕ ದ್ರಾಕ್ಷಿ ರುಚಿ ಐತಿ" ಎಂದು ರಾಶಿಯನ್ನೆಲ್ಲ ಎತ್ತಿಸಿದರು. ಆಮೇಲೆ ಪ್ರತಿ ವರ್ಷ ಅವರೇ ಐಗಳಿಗೆ ಬರತೊಡಗಿದರು.

ಆಗ ಊರವರು ಬಂದರು. ಬೇಲಿಯಾಚೆ ನಿಂತು ಉಪ್ಪಿನ ಮಾತಾಡಿದವರೇ ಬಂದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ಮಜ್ಜಿಗೆ ಎಷ್ಟು ಹುಳಿ ಇರಬೇಕು, ಯಾವಾಗ ಹೊಡೆಯಬೇಕು, ಎಲ್ಲ ಬಿಚ್ಚಿ ಹೇಳಿದೆ. ಆದರೆ ಅದಕ್ಕೂ ಮೊದಲು ಕಾಕಾನ ಮಾತನ್ನು ಹೇಳುತ್ತಿದ್ದೆ. ಹಿತ್ತಿಲು, ಕುರ್ಚಿ, ಎಲೆಯ ರಸ, ನಗು, ಒಂದನ್ನೂ ಬಿಡುತ್ತಿರಲಿಲ್ಲ. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಕೇಳಿದವರು ಅಪ್ಪನ ಮುಖ ನೋಡುತ್ತಿದ್ದರು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಆ ಹೋಗುವಿಕೆಯೇ ಸಾಕ್ಷಿಯಾಯಿತು.

ಮಾತು ಹಬ್ಬಿತು. ಹಬ್ಬಲೆಂದೇ ಹೇಳಿದ್ದೆ. ಏಕಸಂಬಿಯ ಬಸ್ಸಿನಲ್ಲಿ ನನಗೆ ಪರಿಚಯವಿಲ್ಲದ ಇಬ್ಬರು ಅದನ್ನು ಹೇಳಿಕೊಂಡು ಮಾತಾಡುವುದನ್ನು ಕೇಳಿದೆ. ಆ ದಿನ ನನಗಾದ ಸಂತೋಷ ಮೊದಲ ಗೊಂಚಲು ಕೊಯ್ದಾಗಲೂ ಆಗಿರಲಿಲ್ಲ. ಕಾಕಾ ಡಬ್ಬಿ ಕೊಟ್ಟರೆ ಜನ ಮುಚ್ಚಳ ತೆಗೆದು ಮೂಸಿ ನೋಡತೊಡಗಿದರು. ಆಮೇಲೆ ಬೇರೆ ಅಂಗಡಿಗೆ ಹೋದರು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕಾಕಾನ ತೋಟವೂ ಕುಸಿಯಿತು. ವರ್ಷಗಟ್ಟಲೆ ಸುರಿದ ಗೊಬ್ಬರಕ್ಕೆ ಮಣ್ಣು ಉಪ್ಪೇರಿ ಜವಳಾಗಿ ಬೇರು ಕೊಳೆಯುತ್ತಿತ್ತು. ಅಕ್ಟೋಬರಿನ ಒಂದು ಬೆಳಿಗ್ಗೆ, ನಮ್ಮಲ್ಲಿ ಛಾಟಣಿ ನಡೆದಿರುವಾಗ, ಬಂಡಿ ಕಟ್ಟಿಸಿಕೊಂಡು ಬಂದ. ಕೆಲಸಕ್ಕೆ ಬಂದ ಹೆಣ್ಣು ಗಂಡು ಆಳುಗಳು, ಕಲಿಯಲು ಬಂದಿದ್ದ ರೈತರು, ಸಾಲು ಸಾಲಾಗಿ ಎಲ್ಲರೂ ಅಲ್ಲೇ ಇದ್ದರು. ಕಾಕಾ ಅಪ್ಪನ ಕಡೆ ಹೋದ. "ಅಣ್ಣಾ, ನಿನ್ನ ಬಳ್ಳಿ ಗಟ್ಟಿ ಅದಾವ. ಒಂದಿಷ್ಟು ತುಂಡು ಕೊಡು. ಹೊಸಾದಾಗಿ ಹಚ್ಚತೇನಿ."

ಅಪ್ಪ ಕತ್ತರಿ ಕೆಳಗಿಟ್ಟು ನನ್ನ ಕಡೆ ನೋಡಿದ. ಕೊಟ್ಟುಬಿಡು ಎನ್ನುವ ನೋಟ. ನಾನು ಮುಂದೆ ಬಂದೆ. ಹುಟ್ಟಿದಾಗಿನಿಂದ ಕಾಕಾಗೆ "ನೀ" ಎಂದವಳು ಅಂದು ಪರ ಊರವರಿಗೆ ಅನ್ನುವ ಹಾಗೆ "ನೀವು" ಎಂದೆ.

"ಕೊಡತೇನ್ರಿ. ನೀವು ವಾಸ್ತುಶಾಂತಿ ದಿನ ಬೀಗರ ಮುಂದ ಮರಾಠಿ ಒಳಗ ಆಡಿದ ಮಾತು ಇಲ್ಲಿ ಕನ್ನಡದಾಗ ಹೇಳ್ರಿ. ಆಮ್ಯಾಲ ಒಯ್ರಿ."

"ಏನ್ ಮಾತವ್ವ? ಯಾವಾಗಿಂದು?"

"ನಿಮಗ ಗೊತ್ತೈತಿ. ಇಲ್ಲಿ ಎಲ್ಲಾರಿಗೂ ಗೊತ್ತೈತಿ. ನಿಮ್ಮ ಬಾಯಿಂದ ಕೇಳಬೇಕಂತ ನಿಂತಾರ."

ಕತ್ತರಿಗಳ ಸದ್ದು ನಿಂತಿತ್ತು. ಕಾಕಾ ಅಪ್ಪನನ್ನು ನೋಡಿದ, ಬಂಡಿಯನ್ನು ನೋಡಿದ. ಹಿಂದಿರುಗಿ ಹೋಗುತ್ತಾನೆಂದು ತಿಳಿದೆ. ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ನೆಲ ನೋಡುತ್ತ ಹೇಳಿದ: "ಒಂದ ಡಬ್ಬ್ಯಾಗ... ಅಣ್ಣನ ಸೊಕ್ಕು ಇಳಿಸಿದೆ ಅಂದಿದ್ದೆ."

"ಆ ಕಡೆ ಸಾಲಿನವ್ರಿಗೆ ಕೇಳಿಸಲಿಲ್ರಿ."

"ಸಾಕ ಬಿಡವ್ವ," ಅಪ್ಪ ಅಂದ.

"ಜೋರಾಗಿ ಹೇಳ್ರಿ, ಕಾಕಾ."

ಅವನು ಜೋರಾಗಿ ಹೇಳಿದ. ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಅಪ್ಪ ಯಾರನ್ನೂ ನೋಡದೆ ತೋಟದಿಂದ ಹೊರಗೆ ನಡೆದ. ನಾನು ನನ್ನ ಕೈಯಾರೆ ಒಳ್ಳೆಯ ಕಡ್ಡಿಗಳನ್ನೇ ಆರಿಸಿ ತುಂಡು ಮಾಡಿ, ಒದ್ದೆ ಗೋಣಿಯಲ್ಲಿ ಹೊರೆ ಕಟ್ಟಿದೆ. ಕೊಟ್ಟ ಮಾತು ಕೊಟ್ಟ ಮಾತು. ಬಂಡಿಯವನು ಹೊರೆ ಎತ್ತಲು ಬಂದಾಗ ತಡೆದು ಕಾಕಾಗೆ ಹೇಳಿದೆ: "ಬಂಡ್ಯಾಗ ಬ್ಯಾಡ್ರಿ. ಹೆಗಲ ಮ್ಯಾಲ ಹೊತ್ಕೊಂಡು ಹೋಗ್ರಿ."

ಕಾಕಾ ಹೊತ್ತ. ಮಟಮಟ ಮಧ್ಯಾಹ್ನ, ಹರಟೆ ಕಟ್ಟೆಯ ಮುಂದಿನಿಂದಲೇ ಹೋದ. ಅವನ ಹಿಂದೆ ಖಾಲಿ ಬಂಡಿ ಹೋಯಿತು. ಬೇಲಿಯ ಹತ್ತಿರ ನಿಂತು ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಇಷ್ಟು ವರ್ಷ ಇದಕ್ಕೇ ಕಾದಿದ್ದೆ, ನೋಡಿ ಸುಖಪಟ್ಟೆ. ಸುಳ್ಳು ಹೇಳುವುದಿಲ್ಲ.

ಅವನ ಹೊಲದಲ್ಲಿ ಆ ತುಂಡುಗಳು ಚಿಗುರಿದವು. ಮುಂದೆ ಅಂಗಡಿ ಮುಚ್ಚಿದ. ಛಾಟಣಿ ಯಾವಾಗ, ಮಜ್ಜಿಗೆ ಯಾವಾಗ ಎಂದು ಕೇಳಲು ಪ್ರತಿ ವರ್ಷ ನಮ್ಮ ಮನೆಗೆ ಬರಬೇಕಾಯಿತು. ಬಂದಾಗ ನಾನು ಒಳಗಿದ್ದರೂ ತಕ್ಷಣ ಹೊರಗೆ ಬರುತ್ತಿರಲಿಲ್ಲ. ಅವ್ವ ಚಹಾ ಕೊಡುತ್ತಿದ್ದಳು.

ಕಾಕಾ ಹೊರೆ ಹೊತ್ತ ದಿನ ಅಪ್ಪ ಊಟಕ್ಕೂ ನನ್ನ ಜೊತೆ ಕೂರಲಿಲ್ಲ. ಮರುದಿನ ಬೆಳಿಗ್ಗೆ ನಾನು ತೋಟಕ್ಕೆ ಹೋದಾಗ ಅವನು ಆಗಲೇ ಬಂದು ಕತ್ತರಿಗೆ ಎಣ್ಣೆ ಹಾಕುತ್ತಿದ್ದ. ಇಬ್ಬರೂ ಸೇರಿ ಒಂದು ಸಾಲು ಮುಗಿಸಿದೆವು. ಆಮೇಲೆ ಕೇಳಿದ.

"ನಿನ್ನ ಹೊಟ್ಟ್ಯಾಗಿನ ಕಿಚ್ಚು ತಣ್ಣಗಾತೇನವ್ವ?"

"ಇಲ್ಲಪ್ಪಾ."

"ಆಗಂಗಿಲ್ಲ ಅದು," ಎಂದು ಅಪ್ಪ ಮೇಲಿನ ಕಡ್ಡಿ ಬಗ್ಗಿಸಿ ಹಿಡಿದ. "ಇಲ್ಲಿ ಕತ್ತರಿಸು. ಎರಡು ಕಣ್ಣು ಬಿಟ್ಟು."